ಕೆಳಮನೆ ಮಾಮನ ಕಿವಿ

ಮೊದಲಿಗೇ ಒಂದು ಅರಿಕೆ. ನಾನು ಧ್ವನಿಶಾಸ್ತ್ರವನ್ನಾಗಲಿ ಸಂಗೀತವನ್ನಾಗಲಿ ಕಲಿತವಳಲ್ಲ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದ ಮೊದಲನೆಯವಳು ನಾನೇ ಆದ್ದರಿಂದ, ಬರೆದದ್ದನ್ನು ತಿದ್ದಿಕೊಡುವ ಹಿರಿಯರೂ ಮನೆಯಲ್ಲಿಲ್ಲ. ಯಂತ್ರಗಳ ವಿಷಯದಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಅದು ನನ್ನ ತಿಳಿವಳಿಕೆಯ ಕೊರತೆಯೆಂದು ಭಾವಿಸಬೇಕು. ಕೆಳಮನೆ ಮಾಮ ಹೇಳಿಕೊಟ್ಟದ್ದರಲ್ಲಿ ದೋಷವಿರಲಿಲ್ಲ.

ಕೆಳಮನೆ ಮಾಮನ ಎರಡೂ ಕಿವಿಗಳಿಂದ ಜೋಳದ ತೆನೆಯ ಎಳೆಗಳಂತೆ ಬಿಳಿಯ ರೋಮ ಹೊರಚಾಚಿರುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ವಠಾರದ ಮೆಟ್ಟಿಲಿನ ಮೇಲೆ ಕೈಗನ್ನಡಿ ಹಿಡಿದು ಕುಳಿತು, ಮೀಸೆ ಕತ್ತರಿಸುವ ಪುಟ್ಟ ಕತ್ತರಿಯಿಂದ ಅದನ್ನು ಬಹು ಶ್ರದ್ಧೆಯಿಂದ ಕತ್ತರಿಸಿಕೊಳ್ಳುತ್ತಿದ್ದರು. ನಾನು ಹಾಲು ತರಲು ಇಳಿದು ಬಂದರೆ ಕಾಲು ಮಡಚಿ ದಾರಿ ಬಿಡುತ್ತ ಹೇಳುತ್ತಿದ್ದರು: “ಕಿವಿಯೇ ನನ್ನ ಅಂಗಡಿ ಕಣಮ್ಮ. ಬಾಗಿಲು ಗುಡಿಸಿ ಇಟ್ಕೋಬೇಕು.”

ಒಳಗಿನಿಂದ ಮಾಮಿಯ ದನಿ ಬರುತ್ತಿತ್ತು: “ನಾನು ಕೂಗ್ದಾಗ ಮಾತ್ರ ಅಂಗಡಿ ಮುಚ್ಚಿರತ್ತೆ!”

ಅವರು ಮೈಸೂರಿನ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಧ್ವನಿಯಂತ್ರಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾಗಿದ್ದರು. ನಿವೃತ್ತಿಯ ಅನಂತರ ಹಳೆಯ ಆಂಪ್ಲಿಫೈಯರುಗಳನ್ನು ದುರಸ್ತಿ ಮಾಡುತ್ತಿದ್ದರು. ದಕ್ಷಿಣ ದೆಹಲಿಯ ಕೋಠಿ-ಬಂಗಲೆಗಳಿಂದ ದೊಡ್ಡ ಕಾರುಗಳಲ್ಲಿ ಜನ ಬರುತ್ತಿದ್ದರು. ಒಬ್ಬರು ಇಂಗ್ಲೆಂಡಿನ ವಾಲ್ವ್ ಆಂಪ್ಲಿಫೈಯರನ್ನು ಮಗುವಿನಂತೆ ಶಾಲಿನಲ್ಲಿ ಸುತ್ತಿ ತಂದರೆ, ಇನ್ನೊಬ್ಬರು ಜಪಾನಿನ ಬೆಳ್ಳಿಮುಖದ ಟ್ರಾನ್ಸಿಸ್ಟರ್ ಯಂತ್ರವನ್ನು ಇಬ್ಬರು ಆಳುಗಳಿಂದ ಹೊರಿಸಿ ತರುತ್ತಿದ್ದರು. ಅವರಿಗೆ ದುರಸ್ತಿಗಿಂತ ಮಾಮನ ತೀರ್ಪು ಮುಖ್ಯವಾಗಿತ್ತು: ಎರಡರಲ್ಲಿ ಯಾವುದರ ನಾದ ಮೇಲು?

ತೀರ್ಪಿಗೆ ಅವರದೇ ಒಂದು ಕ್ರಮವಿತ್ತು. ಎರಡೂ ಯಂತ್ರಗಳ ಮೇಲೆ ತಮ್ಮ ಹಳೆಯ ಪಂಚೆಗಳನ್ನು ಹೊದಿಸುತ್ತಿದ್ದರು. “ಹೆಸರು ನೋಡಿದ ಕಿವಿ ಕೇಳೋದು ಬಿಟ್ಬಿಡತ್ತೆ” ಎನ್ನುವುದು ಅವರ ನಂಬಿಕೆ. ಅನಂತರ ಮೀಟರು ಹಿಡಿದು ಎರಡರ ಸದ್ದನ್ನೂ ಒಂದೇ ಅಳತೆಗೆ ತರುತ್ತಿದ್ದರು. “ಒಂದು ಚೂರು ಜೋರಾಗಿದ್ರೂ ಅದೇ ಚೆನ್ನಾಗಿದೆ ಅನ್ಸತ್ತೆ. ಕಿವಿ ಮಾಡೋ ಮೊದಲ್ನೇ ಮೋಸ ಅದು.” ಆಮೇಲೆ ತಾವೇ ಮಾಡಿದ ಮರದ ಪೆಟ್ಟಿಗೆಯ ಮೇಲಿನ ಗುಂಡಿಯನ್ನು ಅತ್ತಿಂದಿತ್ತ ತಿರುಗಿಸುತ್ತಿದ್ದರು. ಒಂದು, ಎರಡು, ಮತ್ತೆ ಒಂದು. ಕೇಳುವವರು ಕಣ್ಣು ಮುಚ್ಚಿ ಹೇಳಬೇಕು. “ವ್ಯತ್ಯಾಸ ಗೊತ್ತಾಗ್ದಿದ್ರೆ ಗೊತ್ತಾಗ್ಲಿಲ್ಲ ಅನ್ನಿ. ಅದ್ರಲ್ಲಿ ನಾಚಿಕೆ ಏನಿಲ್ಲ” ಎಂದು ಎಲ್ಲರಿಗೂ ಧೈರ್ಯ ಹೇಳುತ್ತಿದ್ದರು.

ಮೇಲಿನ ಮನೆಯಲ್ಲಿ ನಾವಿದ್ದೆವು. ನನ್ನ ತಂದೆ ಕರೋಲ್ ಬಾಗಿನ ಹೋಟೆಲೊಂದರಲ್ಲಿ ಅಡುಗೆ ಭಟ್ಟರು. ತಾಯಿ ಕುಂದಾಪುರದ ಕಡೆಯ ಹಳ್ಳಿಯಿಂದ ಬಂದವರು. ಹಿಂದಿಯಲ್ಲಿ ‘ಭಯ್ಯಾ’ (ಅಣ್ಣ), ‘ಕಿತ್ನಾ’ (ಎಷ್ಟು), ‘ಬಸ್’ (ಸಾಕು) ಎಂಬ ಮೂರು ಮಾತುಗಳಿಂದಲೇ ಸಂಸಾರ ನಡೆಸುತ್ತಿದ್ದರು. ನಾನು ಕಾಲೇಜಿನ ಮೊದಲನೆಯ ವರ್ಷದಲ್ಲಿದ್ದೆ. ನನಗಿಂತ ಹದಿಮೂರು ವರ್ಷ ಚಿಕ್ಕವಳಾದ ತಂಗಿ ಒಂದನೆಯ ತರಗತಿಯಲ್ಲಿದ್ದಳು.

ತಂಗಿಯ ಮಾತು ಸರಿಯಾಗಿ ಬಂದಿರಲಿಲ್ಲ. ಶಾಲೆಗೆ ‘ಆಲೆ’ ಎನ್ನುವಳು. ಹೋಟೆಲಿನಿಂದ ಅಪ್ಪಯ್ಯ ತರುತ್ತಿದ್ದ ಸಾಂಬಾರು ಅವಳಿಗೆ ‘ಆಂಬಾರು’. ಪಾಠ ಬರೆದುಕೊಳ್ಳಲು ಹೇಳಿದರೆ ಪಕ್ಕದವರ ಪುಸ್ತಕ ನೋಡುವಳು. ಶಾಲೆಯಲ್ಲಿ ನನ್ನನ್ನು ಕರೆಸಿ, ಮನೆಯಲ್ಲೊಂದು ಭಾಷೆ, ಹೊರಗೊಂದು ಭಾಷೆ, ಪುಸ್ತಕದಲ್ಲೊಂದು ಭಾಷೆಯಾಗಿ ಮಗು ಗೊಂದಲಕ್ಕೊಳಗಾಗಿದೆ, ಮನೆಯಲ್ಲಿ ಹಿಂದಿಯನ್ನೇ ಮಾತನಾಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಅದನ್ನು ಶಾಸನವನ್ನಾಗಿ ಮಾಡಿದವಳು ನಾನು. ಮನೆಯ ಏಕೈಕ ವಿದ್ಯಾವಂತೆಯಲ್ಲವೇ? ದಪ್ಪ ಕಾಗದದ ಮೇಲೆ ‘ಮಗುವಿನ ಎದುರು ಕನ್ನಡ ಬೇಡ’ ಎಂದು ದುಂಡಗೆ ಬರೆದು, ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಅಂದಿನಿಂದ ಅಮ್ಮ ತಮ್ಮ ಮಗುವಿನೊಡನೆ ಮಾತು ನಿಲ್ಲಿಸಿದರು. ತುತ್ತು ತೋರಿಸಿ ಬಾಯಿ ತೆರೆಸುವರು, ಭುಜ ಹಿಡಿದು ತಿರುಗಿಸುವರು. ಒಮ್ಮೆ ಬಚ್ಚಲಿನಲ್ಲಿ ಮಗುವಿನ ತಲೆಗೆ ನೀರು ಹಾಕುತ್ತ, ಬಾಗಿಲು ಮುಂದೆ ಮಾಡಿ, ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತಿದ್ದುದನ್ನು ನಾನು ಕಂಡೆ. ಕನ್ನಡವೆಂದು ತಿಳಿದು ಬಾಗಿಲು ತಟ್ಟಿದೆ. ಅಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನೋಡಿದರು.

ನಾಲ್ಕು ತಿಂಗಳಾದರೂ ಸುಧಾರಣೆ ಕಾಣಲಿಲ್ಲ. ಪರೀಕ್ಷೆಯ ಹೊತ್ತಿಗೆ ಹೀಗೆಯೇ ಇದ್ದರೆ ಮಗುವನ್ನು ಬೇರೆ ಕಡೆ ಸೇರಿಸಿ ಎಂದು ಶಾಲೆಯಿಂದ ಪತ್ರ ಬಂತು. ಅದನ್ನು ನಾನು ಓದಿ ಹೇಳಿದ ದಿನ ಅಮ್ಮ ಒಲೆಯ ಮುಂದಿನಿಂದ ಏಳದೆ ಕೇಳಿದರು: “ನಾನ್ ಇಲ್ಲಿ ಇಪ್ಪುದೇ ತೊಂದ್ರಿಯಾ? ನಾನ್ ಊರಿಗ್ ಹೋದ್ರೆ ಅದ್ಕೆ ಮಾತು ಬತ್ತಾ?”

ಮಾರ್ಚ್ ಕೊನೆಯ ವಾರಕ್ಕೆ ಅಮ್ಮನಿಗೆ ಊರಿನ ರೈಲಿನ ಟಿಕೆಟ್ಟನ್ನು ಸಾಲಿನಲ್ಲಿ ನಿಂತು ತಂದವಳು ನಾನೇ. ಎಷ್ಟು ವರ್ಷಕ್ಕೆಂದು ಯಾರೂ ಕೇಳಲಿಲ್ಲ. ಅಮ್ಮ ಸಾರಿನ ಪುಡಿ, ಉಪ್ಪಿನಕಾಯಿಗಳನ್ನು ಒಂದು ವರ್ಷಕ್ಕಾಗುವಷ್ಟು ಮಾಡಿ ಡಬ್ಬಿಗಳಲ್ಲಿ ತುಂಬತೊಡಗಿದರು.

ಫೆಬ್ರುವರಿಯ ಒಂದು ಭಾನುವಾರ ತಂಗಿ ಮಾಮಿಯ ಚಕ್ಕುಲಿಗಾಗಿ ಕೆಳಗೆ ಹೋಗಿದ್ದಳು; ಅವಳನ್ನು ಕರೆತರಲು ನಾನು ಇಳಿದೆ. ಅಲ್ಲಿ ಹಳೆಯ ಗಿರಾಕಿಯೊಬ್ಬರು ಕುಳಿತಿದ್ದರು. ಪಂಚೆಯ ಕೆಳಗೆ ಅವರ ಎರಡು ಯಂತ್ರಗಳು ಬೆಚ್ಚಗಾಗುತ್ತಿದ್ದವು. ತಾಳದ ನಾದ ತುಂಬಿದ ಭಜನೆಯೊಂದು ನಡೆಯುತ್ತಿತ್ತು. ಮಾಮ ಗಿರಾಕಿಗೆ “ಮೊದಲು ನೀವು ಹೇಳಿ” ಎಂದರು.

“ನಹೀಂ ಜೀ, ಆಜ್ ಪೆಹಲೇ ಆಪ್” ಎಂದು, ಇವತ್ತು ಮೊದಲು ಮಾಮನೇ ಹೇಳಬೇಕೆಂದು ಗಿರಾಕಿ ಹಟ ಹಿಡಿದರು.

ಮಾಮ ಗುಂಡಿಯನ್ನು ನಾಲ್ಕಾರು ಸಲ ತಿರುಗಿಸಿದರು. ಹಣೆಯಲ್ಲಿ ಬೆವರಿತ್ತು. ಆಮೇಲೆ ನಗುತ್ತ, “ಮಕ್ಕಳ ಕಿವಿಗಿಂತ ಒಳ್ಳೇ ಮೀಟರ್ ಇಲ್ಲ” ಎಂದು ಹಿಂದಿಯಲ್ಲಿ ಹೇಳಿ ತಂಗಿಯನ್ನು ಕುರ್ಚಿಯ ಮೇಲೆ ಕೂರಿಸಿದರು. “ಹೇಳು ಪುಟ್ಟಿ, ತಾಳ ಯಾವುದ್ರಲ್ಲಿ ಫಳಫಳ ಅನ್ನತ್ತೆ? ಒಂದರಲ್ಲೋ ಎರಡರಲ್ಲೋ?”

ತಂಗಿ ಚಕ್ಕುಲಿ ಅಗಿಯುವುದನ್ನು ನಿಲ್ಲಿಸಿ ಕೇಳಿದಳು. “ದೋನೋಂ ಏಕ್,” ಎರಡೂ ಒಂದೇ ಎಂದಳು. ಮತ್ತೆ ಕೇಳಿಸಿದರು. “ತಾಳ ಕಹಾಂ ಹೈ, ಮಾಮ?” ಎಂದು ತಾಳ ಎಲ್ಲಿದೆಯೆಂದು ಅವರನ್ನೇ ಕೇಳಿದಳು.

ಯಂತ್ರಗಳ ತಿಳಿವಳಿಕೆಯಿಲ್ಲದ ನನಗೂ ಒಂದು ಯಂತ್ರದಲ್ಲಿ ತಾಳ ಗಾಜು ತಟ್ಟಿದಂತೆಯೂ ಇನ್ನೊಂದರಲ್ಲಿ ಬೆಲ್ಲದ ನೀರಿನಲ್ಲಿ ಅದ್ದಿದಂತೆಯೂ ಕೇಳುತ್ತಿತ್ತು. ಎಂಥ ಮೀಟರ್ ಇಟ್ಟುಕೊಂಡಿದ್ದೀರಿ ಎಂದು ಗಿರಾಕಿ ಗಹಗಹಿಸಿ ನಕ್ಕರು: “ವಾಹ್, ಕ್ಯಾ ಮೀಟರ್ ರಖಾ ಹೈ ಆಪ್‌ನೇ!” ನನಗೆ ಅವಮಾನವಾಗಿ ತಂಗಿಯ ಕೈ ಹಿಡಿದು ಎಳೆದೆ.

ಮಾಮ ನಗಲಿಲ್ಲ. “ನಿಂತ್ಕೊ” ಎಂದರು. ಬೀಗದ ಕೈಗೊಂಚಲನ್ನು ತಂಗಿಯ ಬೆನ್ನ ಹಿಂದೆ ಹಿಡಿದು ಝಣಝಣ ಅಲ್ಲಾಡಿಸಿದರು. ಅವಳು ಚಕ್ಕುಲಿ ತಿನ್ನುತ್ತಲೇ ಇದ್ದಳು. ನೆಲಕ್ಕೆ ಕಾಲು ಅಪ್ಪಳಿಸಿದರು, ಬೆಚ್ಚಿ ತಿರುಗಿದಳು. ಇನ್ನೊಮ್ಮೆ ಕೈಗೊಂಚಲು. ತಿರುಗಲಿಲ್ಲ.

ಅಂದು ಸಂಜೆ ಅಪ್ಪಯ್ಯ ಕೆಲಸದಿಂದ ಬರುವುದನ್ನೇ ಕಾದು ಮಾಮ ಮೇಲೆ ಬಂದರು. ಮಗುವಿನ ಕಿವಿಯನ್ನು ಪರೀಕ್ಷೆ ಮಾಡಿಸಬೇಕೆಂದರು. ಅಪ್ಪಯ್ಯ ಸಿಡಿದರು. “ಎಂತ ಸಾರ್ ನೀವು! ಕರೆದ್ರೆ ತಿರುಗ್ತಾಳೆ, ಬಾಗಿಲು ಬಡಿದ್ರೆ ಓಡ್ತಾಳೆ. ಕಿವುಡಿ ಅಂತ ಒಂದ್ ಸಲ ಹೆಸರು ಬಿದ್ರೆ ಆಯ್ತು, ಮತ್ತೆ ಯಾವ ಶಾಲೆಯವ್ರು ಸೇರಿಸ್ಕೊಳ್ತಾರೆ? ನಿಮ್ಮ ಕಿವಿ ಲಕ್ಷದಲ್ಲೊಂದು. ನಿಮಗೆ ಕೇಳಿದ್ದು ಮಗುವಿಗೆ ಕೇಳ್ಲಿಲ್ಲ ಅಂದ್ರೆ ಅದು ರೋಗವಾ?”

ಮಾಮ ಇಳಿದುಹೋದರು. ಮರುದಿನ ನನ್ನನ್ನು ಕರೆದು ಟೇಪ್ ರೆಕಾರ್ಡರ್ ಕೊಟ್ಟು, “ನಿಮ್ಮಮ್ಮ ಬೆಳಿಗ್ಗೆ ಮಗೂಗೆ ಏನೇನು ಹೇಳ್ತಿದ್ರೋ ಅದನ್ನ ಹಿಡ್ಕೊಂಡು ಬಾ” ಎಂದರು. ಅಮ್ಮನ ಮುಂದೆ ಅದನ್ನಿಟ್ಟೆ. ಅಮ್ಮ ಗೋಡೆಯ ಕಾಗದದತ್ತ ನೋಡಿ ಕೇಳಿದರು: “ಕನ್ನಡದಲ್ಲೇ ಹೇಳೂದಾ? ಅಡ್ಡಿ ಇಲ್ಯಾ?”

ಮುಂದಿನ ಸೋಮವಾರ ಕರೋಲ್ ಬಾಗಿನ ಮಾರುಕಟ್ಟೆಗೆ ರಜೆ, ಅಪ್ಪಯ್ಯ ಮನೆಯಲ್ಲಿದ್ದರು. ಮಾಮ ಅವರನ್ನು ಬಲವಂತವಾಗಿ ಕೆಳಗೆ ಕರೆಸಿ ಕುರ್ಚಿಯಲ್ಲಿ ಕೂರಿಸಿದರು. ಯಂತ್ರಗಳನ್ನು ಒಯ್ಯಲು ಬಂದಿದ್ದ ಅದೇ ಗಿರಾಕಿಯೂ ಅಲ್ಲಿದ್ದರು. ಮಾಮ ಎರಡು ದಿನ ಕುಳಿತು ಒಂದು ಸಣ್ಣ ಪೆಟ್ಟಿಗೆ ಮಾಡಿದ್ದರು. ಅದು ಧ್ವನಿಯ ಮೇಲಿನ ಭಾಗವನ್ನು, ಎಂದರೆ ತೆಳುವಾದ ತೀಕ್ಷ್ಣ ಸದ್ದುಗಳನ್ನು, ಮಾತ್ರ ಕತ್ತರಿಸಿಹಾಕುವಂಥದ್ದು. ಆಂಪ್ಲಿಫೈಯರಿಗೂ ಟೇಪಿಗೂ ನಡುವೆ ಅದನ್ನು ಜೋಡಿಸಿದ್ದರು. ಗುಂಡಿ ಒತ್ತಿದರು.

“…ಟ್ಟೀ, ಆಕಾ? ಅಲ್ಪ ಆರು ಹಾಕ್ಲಾ? …ಆಲೆಗೆ ಹೊತ್ತಾಯ್ತ್…”

ಕಂಬಳಿಯ ಒಳಗಿನಿಂದ ಯಾರೋ ಗೊಣಗಿದಂತಿತ್ತು. ಅಪ್ಪಯ್ಯ ಹುಬ್ಬು ಗಂಟಿಕ್ಕಿದರು. “ಇದು ಯಾವ ಭಾಷೆ ಸಾರ್?”

“ನಿಮ್ಮ ಹೆಂಡ್ತಿ ಭಾಷೆ ಭಟ್ರೇ. ನಿಮ್ಮ ಮಗಳಿಗೆ ಕೇಳೋ ಹಾಗೆ.”

ಮಾಮ ಪೆಟ್ಟಿಗೆಯನ್ನು ತೆಗೆದುಹಾಕಿದರು. “ಪುಟ್ಟೀ, ಸಾಕಾ? ಸ್ವಲ್ಪ ಸಾರು ಹಾಕ್ಲಾ? ಶಾಲೆಗೆ ಹೊತ್ತಾಯ್ತ್” ಎಂದು ಅಮ್ಮನ ದನಿ ಕೋಣೆಯ ತುಂಬ ನಿಚ್ಚಳವಾಗಿ ಬಂತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಕೇಳೋದೇ ಇಲ್ಲ ಅಂತಲ್ಲ. ದಪ್ಪ ಸದ್ದು ಕೇಳತ್ತೆ, ಅದಕ್ಕೇ ತಿರುಗ್ತಾಳೆ. ಸ, ಶ ಎಲ್ಲ ಸಣ್ಣ ಸದ್ದು. ಅದು ಅವಳ ಹತ್ರ ಬರೋದೇ ಇಲ್ಲ. ಪಿಸುಮಾತಂತೂ ಬರೀ ಗಾಳಿ” ಎಂದರು ಮಾಮ.

ಪಿಸುಮಾತು ಎಂಬ ಶಬ್ದ ಕೇಳಿದೊಡನೆ ನನಗೆ ಬಚ್ಚಲಿನ ಬಾಗಿಲು ನೆನಪಾಯಿತು. ನಾಲ್ಕು ತಿಂಗಳಿಂದ ಅಮ್ಮ ಅವಳಿಗೆ ಕದ್ದು ಹೇಳಿದ್ದಷ್ಟೂ, ನನ್ನ ದೆಸೆಯಿಂದ, ಬರಿಯ ಉಸಿರಾಗಿತ್ತು.

ಆದರೂ ಅಪ್ಪಯ್ಯ ಕೊನೆಯ ಹುಲ್ಲುಕಡ್ಡಿ ಹಿಡಿದರು: “ಮೊನ್ನೆ ಆ ಎರಡು ಮೆಷಿನ್ನು ಒಂದೇ ಅಂದಳು ಅಂತ ತಾನೆ ಇದೆಲ್ಲ? ಅದು ನಿಮ್ಮಂಥವ್ರಿಗೆ ಮಾತ್ರ ಗೊತ್ತಾಗೋ ವ್ಯತ್ಯಾಸ.”

ಮಾಮ ಗಿರಾಕಿಯ ಕಡೆ ಒಮ್ಮೆ ನೋಡಿದರು. ಕನ್ನಡದಲ್ಲಿ ಹೇಳಿದ್ದರೆ ಆ ಮನುಷ್ಯನಿಗೆ ತಿಳಿಯುತ್ತಿರಲಿಲ್ಲ. ಬಹುಶಃ ಅರ್ಧ ಮಾತು ಮುಚ್ಚಿಟ್ಟರೆ ಅಪ್ಪಯ್ಯ ನಂಬಲಾರರೆಂದು ತೋರಿರಬೇಕು, ಹಿಂದಿಯಲ್ಲೇ ಹೇಳಿದರು. “ಮುಝೇ ಭೀ ಫರ್ಕ್ ಸುನಾಯೀ ನಹೀಂ ದೇತಾ. ಚಾರ್ ಸಾಲ್ ಸೇ.” ಅನಂತರ ಕನ್ನಡಕ್ಕೆ ತಿರುಗಿದರು. “ನನಗೂ ವ್ಯತ್ಯಾಸ ಕೇಳ್ಸಲ್ಲ, ನಾಲ್ಕು ವರ್ಷದಿಂದ. ಗಿರಾಕಿ ಏನು ಹೇಳ್ತಾರೋ ಕೇಳ್ಕೊಂಡು ತಲೆ ಆಡಿಸ್ತಿದ್ದೆ. ಮೊನ್ನೆ ಅವ್ರು ಹೇಳ್ಲಿಲ್ಲ, ಮಗೂನ ಕೂರಿಸ್ದೆ. ನನ್ನ ಉತ್ತರಾನೇ ಮಗುವೂ ಕೊಡ್ತು ಭಟ್ರೇ. ನನಗೆ ಕೇಳ್ದೇ ಇರೋದು ವಯಸ್ಸು. ಆರು ವರ್ಷದ ಮಗೂಗೆ ಕೇಳ್ದೇ ಇರೋದು ಏನು?”

ಮಾಮಿ ಒಳಗಿನಿಂದ ಬಂದು, “ಟೀವಿ ಜೋರು ಮಾಡಿ ಸ್ಪೀಕರ್ ಸರಿಯಿಲ್ಲ ಅಂತಿದ್ರಲ್ಲ, ಇದಕ್ಕಾ?” ಎಂದರು. ಯಾರೂ ನಗಲಿಲ್ಲ. ಗಿರಾಕಿ ತಮ್ಮ ಎರಡೂ ಯಂತ್ರಗಳನ್ನು ಡ್ರೈವರನಿಂದ ಹೊರಿಸಿಕೊಂಡು, ಮಾಮನಿಗೆ ನಮಸ್ಕಾರವನ್ನೂ ಹೇಳದೆ ಹೋದರು. ಆ ವರ್ಷ ಮುಗಿಯುವುದರೊಳಗೆ ದಕ್ಷಿಣ ದೆಹಲಿಯ ಕಾರುಗಳು ನಮ್ಮ ಗಲ್ಲಿಗೆ ಬರುವುದು ನಿಂತುಹೋಯಿತು.

ಮರುದಿನ ಅಪ್ಪಯ್ಯ ರಜೆ ಹಾಕಿ ತಂಗಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಮಾಮನೂ ನಾನೂ ಜೊತೆಗಿದ್ದೆವು. ಪರೀಕ್ಷೆಯ ಕಾಗದದ ಮೇಲಿನ ಗೆರೆ ದಪ್ಪ ಸದ್ದುಗಳ ಅರ್ಧದವರೆಗೆ ಸಮವಾಗಿ ನಡೆದು, ಸಣ್ಣ ಸದ್ದುಗಳು ಬಂದೊಡನೆ ಬಾವಿಗೆ ಬಿದ್ದಂತೆ ಇಳಿದಿತ್ತು. ಕನ್ನಡದಿಂದ ಮಗುವಿಗೆ ಏನಾದರೂ ಕೆಡುಕಾಗಿದೆಯೇ ಎಂದು ನಾನು ವೈದ್ಯೆಯನ್ನು ಕೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ, “ತಾಯಿ ಮಾತಾಡದೆ ಇದ್ದರೆ ಮಗು ಕಲಿಯುವುದು ಯಾರಿಂದ?” ಎಂಬ ಅರ್ಥದ ಮಾತನ್ನು ಹಿಂದಿಯಲ್ಲಿ ಹೇಳಿದರು. ಮಾಮ ನನ್ನ ಭುಜ ತಟ್ಟಿದರು, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಅದಾದ ಮೇಲೆ ಅವರು ಬದುಕಿದ್ದು ಎರಡು ಚಳಿಗಾಲ. ಕೊನೆಗೊನೆಗೆ ಅವರಿಗೆ ದಪ್ಪ ಸದ್ದುಗಳೂ ಕೇಳದಾದವು. ತಂಗಿ ಅವರ ಎದುರು ಮೊಣಕಾಲೂರಿ ಕುಳಿತು, ತುಟಿಗಳನ್ನು ಅಗಲಿಸಿ, ಶಾಲೆಯ ಸುದ್ದಿಯನ್ನು ನಿಧಾನವಾಗಿ ಹೇಳುತ್ತಿದ್ದಳು. ಅವರು ತೀರಿಕೊಂಡ ದಿನ ನಾನು ಪದವಿಯ ಕೊನೆಯ ಪರೀಕ್ಷೆ ಬರೆಯುತ್ತಿದ್ದೆ, ಬರುವಷ್ಟರಲ್ಲಿ ಒಯ್ದಿದ್ದರು. ಅವರ ಅನ್ನವನ್ನೇ ಕಸಿದ ಆ ಒಂದು ವಾಕ್ಯಕ್ಕಾಗಿ ಅವರಿಗೆ ಕೃತಜ್ಞತೆ ಹೇಳಲು ನನಗೆ ಧೈರ್ಯ ಬಂದಿರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಕುಟುಂಬದಲ್ಲಿ ಅನಂತರ ಆದದ್ದು ಇಷ್ಟು. ಅಮ್ಮನ ಟಿಕೆಟ್ಟನ್ನು ರದ್ದು ಮಾಡಿಸಿದೆವು. ಅಮ್ಮ ದೆಹಲಿಯಲ್ಲಿಯೇ ಉಳಿದರು. ತಂಗಿ ಎರಡೂ ಕಿವಿಗಳಿಗೆ ಯಂತ್ರ ಹಾಕಿಕೊಂಡು, ಒಂದನೆಯ ತರಗತಿಯನ್ನು ಮತ್ತೊಮ್ಮೆ ಓದಿ ಮುಂದೆ ಹೋದಳು. ಮನೆಯಲ್ಲಿ ನಾವು ಕನ್ನಡವನ್ನೇ ಮಾತನಾಡುತ್ತೇವೆ. ಎದುರು ಕುಳಿತು, ಮುಖ ನೋಡಿಕೊಂಡು, ಒಬ್ಬರಾದ ಮೇಲೆ ಒಬ್ಬರು.