ಮೂಲೆಮನೆ ಕೆಂಡ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಮಾತು ಗಾದೆಯಾಗಿ ಊರ ಬಾಯಿಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದು ಶುದ್ಧ ಸುಳ್ಳು.

ಬೂದಿಗೆರೆ ಕಡೆಯ ನಮ್ಮೂರಿನಲ್ಲಿ ಅಣ್ಣತಮ್ಮಂದಿರು ಪಾಲಾದರೆ ‘ಒಲೆ ಬೇರೆಯಾಯಿತು’ ಎನ್ನುತ್ತಿದ್ದರು. ಹೊಲ, ದನ ಹಂಚಿಕೊಂಡರೆ ಸಾಲದು, ಒಲೆ ಬೇರೆಯಾದರೇ ಪಾಲು. ನಮ್ಮವ್ವ ಬೀದಿಯ ಮೂಲೆಯಲ್ಲಿ ಬೇರೆ ಒಲೆ ಹೂಡಿದ್ದನ್ನು ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಕೊನೆಯವರೆಗೂ ಕ್ಷಮಿಸಲಿಲ್ಲ.

ಆಗ ಯುದ್ಧದ ಕಾಲ. ಬೆಂಕಿಪೊಟ್ಟಣ ಸಿಗುವುದೇ ಕಷ್ಟ. ಸಂಜೆಯಾದರೆ ಹೆಂಗಸರು ಬೆರಣಿ ಚೂರು ಹಿಡಿದು, ಹೊಗೆ ಏಳುವ ಮನೆಗೆ ಕೆಂಡಕ್ಕೆ ಹೋಗುತ್ತಿದ್ದರು. ಇಲ್ಲವೆನ್ನುವ ಮಾತೇ ಇರಲಿಲ್ಲ. ಅಮ್ಮ ಬಂದ ಮನೆ ಮಾತ್ರ ಇದಕ್ಕೆ ಹೊರತು. ಸಿಡುಬನ್ನು ಯಾರೂ ಸಿಡುಬು ಎನ್ನುತ್ತಿರಲಿಲ್ಲ. ಅಮ್ಮ ಎಂದು ಕರೆದರೆ ಮುನಿಯದೆ ಹೊರಟುಹೋಗುತ್ತಾಳೆ ಎಂಬ ನಂಬಿಕೆ. ಆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬೆಂಕಿ ಹೊರಗೆ ಕೊಡುವಂತಿಲ್ಲ. ಕೊಟ್ಟರೆ ಮಲಗಿರುವ ಮಗುವಿಗೆ ಉರಿ ಏರುತ್ತದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರೆ ಯಾರೂ ಕೇಳಲು ಬರುತ್ತಿರಲಿಲ್ಲ.

ಆ ವರ್ಷ ಮಲಗಿದ್ದ ಮಗು ನಾನು. ದೊಡ್ಡಮ್ಮ ಬೇವಿನ ಸೊಪ್ಪಿನ ಕೆಳಗೇ ನಿಂತು ಕೆಂಡ ಕೇಳಿದಳು. ಅವ್ವ ಸೊಪ್ಪಿನ ಕಡೆ ಕೈ ತೋರಿಸಿದಳು. ದೊಡ್ಡಮ್ಮ ಸುಮ್ಮನೆ ಹೋದಳು. ನಾನು ಎದ್ದು ಓಡಾಡುವಂತಾಗಿ, ಬಾಗಿಲಿನ ಸೊಪ್ಪು ಬಿಚ್ಚಿದ ಮೇಲೆ, ಬಾವಿಕಟ್ಟೆಯಲ್ಲಿ ಬಾಯಿ ಬಿಟ್ಟಳು.

“ಒಲೆ ಧಗಧಗ ಉರೀತಿತ್ತು ಕಣ್ರೇ, ಒಂದು ಕೆಂಡ ಕೊಡಾಕೆ ಕೈ ಬರ್ಲಿಲ್ಲ ಅವ್ಳಿಗೆ!”

ಯಾವ ದಿನ ಎಂಬುದನ್ನು ಮಾತ್ರ ನುಂಗಿಕೊಂಡಳು. ದೊಡ್ಡ ಮನೆಯವಳ ಮಾತು, ಯಾರೂ ಕೆದಕಲಿಲ್ಲ. ಯಾರಾದರೂ ಮೊರ ಕೊಡದಿದ್ದರೆ, ಮಜ್ಜಿಗೆ ಇಲ್ಲವೆಂದರೆ, “ಬಿಡು, ಅದು ಮೂಲೆಮನೆ ಕೆಂಡ” ಎನ್ನತೊಡಗಿದರು. ಪಕ್ಕದ ಊರಿನವರೂ ಕಲಿತರು. ಅವ್ವ ಸಂಜೆ ಎಲ್ಲರಿಗಿಂತ ಮೊದಲೇ ಒಲೆ ಹಚ್ಚಿ ಬಾಗಿಲಲ್ಲಿ ನಿಲ್ಲುತ್ತಿದ್ದಳು, ಯಾರಾದರೂ ಕೇಳಲಿ ಎಂದು. ಹೆಂಗಸರು ನಮ್ಮ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು. ದೊಡ್ಡಮ್ಮನಿಗೆ ತಿರುಗಿಸಿ ಕೊಡದೆ ಬಿಡುವುದಿಲ್ಲ ಎಂದುಕೊಂಡೆ.

ಕಾಯ್ದೆ. ಯುದ್ಧ ಮುಗಿಯಿತು, ಕೆಂಡ ಕೇಳುವ ರೂಢಿ ಮಾತ್ರ ಉಳಿಯಿತು, ನನ್ನನ್ನು ಅರಿಶಿನಕುಂಟೆಗೆ ಕೊಟ್ಟರು. ಒಂದು ಬೇಸಿಗೆ ತವರಿಗೆ ಬಂದಾಗ ದೊಡ್ಡಮ್ಮನ ಬಾಗಿಲಲ್ಲಿ ಬೇವು ತೂಗುತ್ತಿತ್ತು. ಮೊಮ್ಮಗನಿಗೆ ಅಮ್ಮ ಬಂದಿದ್ದಳು, ಆಗಲೇ ಇಳಿಮುಖ. ನನಗೆ ಒಮ್ಮೆ ಬಂದು ಹೋಗಿದ್ದರಿಂದ ಭಯವಿರಲಿಲ್ಲ. ಹೆಂಗಸರು ನೀರು ಹೊತ್ತು ಬರುವ ಹೊತ್ತನ್ನೇ ನೋಡಿ, ಬೆರಣಿ ಚೂರು ಹಿಡಿದು ಅವಳ ಬಾಗಿಲಲ್ಲಿ ನಿಂತೆ.

“ದೊಡ್ಡಮ್ಮೋ, ಒಂದು ಕೆಂಡ ಕೊಡು!”

ಅವಳು ಓಡಿಬಂದಳು. “ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಬೇವು ಕಟ್ಟಿರೋದು ಕಾಣ್ಸಲ್ವೇನೇ?”

“ಕಾಣ್ತದೆ ದೊಡ್ಡಮ್ಮ. ನಾನು ಮಲಗಿದ್ದಾಗ ನಮ್ಮ ಬಾಗಿಲಲ್ಲೂ ಕಟ್ಟಿತ್ತು. ಅವತ್ತು ನಿಂಗೆ ಕಾಣ್ಲಿಲ್ವಾ?”

ಬೀದಿಯಲ್ಲಿ ಕೊಡಗಳು ನಿಂತವು. ದೊಡ್ಡಮ್ಮ ಒಳಗೆ ಹೋಗಿ ಕದ ಎಳೆದುಕೊಂಡಳು. ನನಗೆ ಅಯ್ಯೋ ಅನ್ನಿಸಲಿಲ್ಲ. ಹಾಯೆನಿಸಿತು, ಈಗಲೂ ಹಾಯೆನಿಸುತ್ತದೆ.

ಮನೆಗೆ ಬಂದಾಗ ಅವ್ವ ನನ್ನ ಕೈಯ ಬೆರಣಿ ನೋಡಿ, “ಎಲ್ಲಿಗೋಗಿದ್ದೆ?” ಅಂದಳು. ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಅತ್ತಳು.

ಅಲ್ಲಿಂದ ಮೂಲೆಮನೆ ಕೆಂಡದ ಮಾತು ಸವೆದುಹೋಯಿತು. ತಿಳಿದೂ ತಿಳಿಯದವರಂತೆ ನಟಿಸುವವರನ್ನು ನಮ್ಮೂರಿನಲ್ಲಿ ‘ಬೇವು ಕಂಡೂ ಕೆಂಡ ಕೇಳೋರು’ ಎನ್ನತೊಡಗಿದರು. ಹಾಗೆ ನೋಡಿದರೆ ಬೇವು ಕಂಡೂ ಕೇಳಿದವಳು ನಾನೂ ಹೌದು. ಆಗಲಿ, ನನ್ನನ್ನೂ ಅನ್ನಲಿ.

ನಾನು ದೊಡ್ಡಮ್ಮನ ಬಾಗಿಲಲ್ಲಿ ಕೆಂಡ ಕೇಳಿದ ಮರುದಿನ ಸಂಜೆಯೇ ನೆರೆಮನೆಯವಳು ಬೆರಣಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅವಳ ಮನೆಯ ಒಲೆ ಉರಿಯುತ್ತಿತ್ತು, ಹೊಗೆ ನನಗೇ ಕಾಣುತ್ತಿತ್ತು. ಅವ್ವನಿಗೂ ಕಂಡಿರಬೇಕು. ಒಲೆಯಲ್ಲಿದ್ದ ಅತಿ ದೊಡ್ಡ ಕೆಂಡವನ್ನೇ ಆರಿಸಿ ಕೊಟ್ಟಳು.