ಒಂದು ‘ರೀ’ ಇತ್ತೋ ಇಲ್ಲವೋ

ಅಥವಾ ರೈಲು ಆಗಲೇ ಚಲಿಸತೊಡಗಿತ್ತು ಎನ್ನುವುದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಹೆಂಡತಿ ಬೋಗಿಯ ಬಾಗಿಲಲ್ಲಿದ್ದಳು, ನಾನು ಸೂರತ್‌ನ ಪ್ಲಾಟ್‌ಫಾರ್ಮಿನ ಮೇಲಿದ್ದೆ, ಅವಳ ಕಿವಿಗೆ ಫೋನಿತ್ತು. ಇಷ್ಟು ನಿಜ. ಮಳೆ ಹನಿಯುತ್ತಿತ್ತು ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದೆ. ಯಾವುದೋ ಬೇರೆ ದಿನದ ಮಳೆ ಇಲ್ಲಿಗೆ ಬಂದು ಸೇರಿಕೊಂಡಿರಬಹುದು. ಅವಳು ಆಗ ಆಡಿದ್ದು ಒಂದೇ ಮಾತು. ಅದು ‘ಬರ್ತೇನಿ’ಯೋ ‘ಬರ್ತೇನ್ರೀ’ಯೋ, ಇದು ನನ್ನ ತಕರಾರು.

ನಮ್ಮದು ಹುಬ್ಬಳ್ಳಿ ಕಡೆ. ಅಲ್ಲಿ ಹೊರಟವರು ‘ಹೋಗ್ತೇನಿ’ ಅನ್ನುವುದಿಲ್ಲ, ಅಪಶಕುನ. ಚರ್ಚಿಗೆ ಹೋಗುವ ನಮ್ಮಂಥವರೂ ಅನ್ನುವುದಿಲ್ಲ. ‘ಬರ್ತೇನಿ’ ಅನ್ನುತ್ತೇವೆ, ಹೋಗಿ ತಿರುಗಿ ಬರುತ್ತೇನೆ ಅಂತ ಅರ್ಥ. ಆದರೆ ಅತ್ತ ಕಾಯುತ್ತಿರುವವರಿಗೂ ಅದನ್ನೇ ಅನ್ನಬೇಕು: ಬರ್ತೇನಿ, ನಿಮ್ಮ ಕಡೆಗೇ ಹೊರಟಿದ್ದೇನೆ. ನನಗೆ ಹೇಳುವುದಾದರೆ ಅವಳು ‘ರೀ’ ಸೇರಿಸುತ್ತಾಳೆ. ಫೋನಿನಲ್ಲಿದ್ದವಳು ಅವಳ ಗೆಳತಿ. ಅವಳಿಗೆ ರೀ ಇಲ್ಲ.

ಗೆಳತಿ ಮಲಾವಿ ದೇಶದವಳು. ಅಲ್ಲಿಯ ದೊಡ್ಡ ಸರೋವರದ ದಡದ ಹಳ್ಳಿಯೊಂದರಲ್ಲಿ ಒಂದು ಸಣ್ಣ ಮಿಶನ್ ಆಸ್ಪತ್ರೆ. ಮದುವೆಗೆ ಮುಂಚೆ ನನ್ನ ಹೆಂಡತಿ ಅಲ್ಲಿ ನರ್ಸಾಗಿದ್ದಳು, ಹೆರಿಗೆ ಕೋಣೆಯಲ್ಲಿ ಇವರಿಬ್ಬರೂ ಜೊತೆ. ಪುರಸೊತ್ತಿದ್ದಾಗ ಇವಳು ಅವಳಿಗೆ ಕನ್ನಡ ಕಲಿಸಿದ್ದಳು, ಅದೂ ನಮ್ಮ ಹುಬ್ಬಳ್ಳಿ ಕನ್ನಡ. ತಾಯಿಗೆ ಕಾಯಿಲೆ ಎಂದು ಇವಳು ಊರಿಗೆ ಬಂದಳು, ತಾಯಿ ತೀರಿಕೊಂಡರು, ನನ್ನನ್ನು ಮದುವೆಯಾಗಿ ಅಹಮದಾಬಾದಿಗೆ ಬಂದಳು. ಅಲ್ಲಿಯ ಬೋಪಾಲ್ ಬಡಾವಣೆಯ ಒಂದು ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ನಮ್ಮ ಮನೆ. ನಾನು ಸೂರತ್‌ನ ಬಣ್ಣದ ಕಂಪನಿಯಲ್ಲಿ ಕೆಲಸದವನು. ವಾರವೆಲ್ಲ ಸೂರತ್‌ನಲ್ಲೇ, ಅಡಾಜಣ್‌ನ ಬಾಡಿಗೆ ಕೋಣೆ, ಶನಿವಾರ ಮನೆ.

ಒಬ್ಬ ಗಂಡಸಿನ ಮೇಲಾದರೆ ಹೊಟ್ಟೆಕಿಚ್ಚು ಪಡುವುದು ಸುಲಭ. ಒಂದು ಊರಿನ ಮೇಲೆ ಹೇಗೆ ಪಡುವುದು? ಆ ಊರಿನಲ್ಲಿ ನನ್ನ ಹೆಂಡತಿಯ ಹೆಸರಿನ ಹುಡುಗಿಯರು ನಾಲ್ಕೈದು ಮಂದಿ ಇದ್ದಾರೆ, ಇವಳ ಕೈಯಲ್ಲಿ ಹುಟ್ಟಿದವರು. ನಮಗೆ ಮಕ್ಕಳಿಲ್ಲ. ಅವರ ಫೋಟೋ ಬಂದಾಗಲೆಲ್ಲ ಇವಳು ದೊಡ್ಡದು ಮಾಡಿ ಹಲ್ಲು ನೋಡುತ್ತಿದ್ದಳು, ಯಾರಿಗೆ ಹಾಲುಹಲ್ಲು ಬಿದ್ದಿದೆ, ಯಾರಿಗೆ ಹೊಸದು ಬಂದಿದೆ ಅಂತ. ಒಮ್ಮೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಅಲ್ಲಿಯ ಮುದ್ದೆ ಮಾಡಿದಳು. ಚಲೋ ಆಗೇತಿ ಅಂದೆ. “ಇಲ್ಲರಿ, ಅಲ್ಲೀದು ರುಚಿ ಬರಲಿಲ್ಲ,” ಅಂದು ತಟ್ಟೆ ಸರಿಸಿದಳು. ಆ ಮುದ್ದೆಯನ್ನು ಪೂರ್ತಿ ತಿಂದವನು ನಾನು. ರುಚಿಯಿಂದಲ್ಲ.

ಆಸ್ಪತ್ರೆಯವರು ಮತ್ತೆ ಕರೆದಾಗ ಅವಳು ಒಂದು ವಾರ ಪ್ರಾರ್ಥನೆ ಮಾಡಿದಳು. ನಾನೂ ಕಣ್ಣು ಮುಚ್ಚಿದೆ. ದೇವರ ಕರೆ ಎಂದ ಮೇಲೆ ಜಗಳಕ್ಕೆ ನಿಲ್ಲುವುದು ಯಾರ ಜೊತೆ? ಎರಡು ವರ್ಷಕ್ಕೆ ಒಪ್ಪಿದಳು. ಬೇಕೆಂದರೆ ಮುಂದುವರಿಸಬಹುದು ಎಂದು ಅವರು ಹೇಳಿದ್ದರು.

ಹಾಗೆ ಆ ಭಾನುವಾರ ಅಹಮದಾಬಾದಿನಿಂದ ಮುಂಬೈ ರೈಲು ಹತ್ತಿದೆವು. ಮುಂಬೈಯಿಂದ ಅವಳ ವಿಮಾನ. ವಡೋದರಾದಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟದ ಹಿರಿಯರು, ನಾವು ಅಜ್ಜಾರು ಅನ್ನುವವರು, ತಮ್ಮ ಹೆಂಡತಿ ಅಮ್ಮಾರ ಜೊತೆ ಪ್ಲಾಟ್‌ಫಾರ್ಮಿಗೆ ಬಂದಿದ್ದರು. ಅಮ್ಮಾರ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು.

“ಅಲ್ಲೇನ ತಿಂತೀಯವಾ?” ಅಂದರು ಅಮ್ಮಾರು.

“ಮೆಕ್ಕೆಜ್ವಾಳದ ಮುದ್ದಿ ಇರತೈತ್ರಿ. ಸಣ್ಣ ಮೀನ.”

“ಜ್ವಾಳದ ರೊಟ್ಟಿ ಬಿಟ್ಟು ಅದಕ್ಕ ಹೊಂಟೀ?” ಅಂದು ನನ್ನ ಮುಖ ನೋಡಿದರು. “ನೀವ್ಯಾಕ್ರಿ ಮಾರಿ ಇಳಿಸೀರಿ? ಚಟ್ನಿ ನಿಮಗೂ ಐತಿ!”

ಎಲ್ಲರೂ ನಕ್ಕರು. ಅಜ್ಜಾರು ಬಾಗಿಲ ಕಂಬಿ ಹಿಡಿದು, ಚಹಾದವನ ಕೂಗಿನ ನಡುವೆಯೇ ಪ್ರಾರ್ಥಿಸಿದರು: “ಅಪ್ಪಾ, ಈ ಮಗಳನ್ನ ತನ್ನ ಜನರ ಹತ್ತರ ಸುಖವಾಗಿ ಮುಟ್ಟಸು.”

ತನ್ನ ಜನ. ಅವರು ಅದನ್ನು ಯೋಚಿಸಿ ಹೇಳಿರಲಿಕ್ಕಿಲ್ಲ. ಅವಳು ಗಟ್ಟಿಯಾಗಿ ಆಮೆನ್ ಅಂದಳು. ನಾನು ಅಂದೆನೋ ಇಲ್ಲವೋ ನೆನಪಿಲ್ಲ. ಬಾಯಲ್ಲಿ ರೊಟ್ಟಿ ಇತ್ತು ಎಂದು ಹೇಳಿಕೊಳ್ಳುವುದು ನನಗೆ ಅನುಕೂಲ.

ಸೂರತ್‌ವರೆಗೆ ಅವಳು ಕಿಟಕಿ ನೋಡುತ್ತಿದ್ದಳೆಂದು ನನ್ನ ನೆನಪು. ಆದರೆ ಕಿಟಕಿಯ ಬದಿ ಕೂತಿದ್ದವರು ಒಬ್ಬ ಗುಜರಾತಿ ಅಜ್ಜಿ, ಆದ್ದರಿಂದ ಅದೂ ಸುಳ್ಳಿರಬೇಕು.

“ಮುಂಬೈ ತನಕಾ ಬರ್ಲೇನು?” ಅಂದೆ.

“ನಾಳೆ ಡ್ಯೂಟಿ ಐತಲ್ರಿ. ಸುಮ್ಮ ಯಾಕ ತ್ರಾಸ?”

ಒಮ್ಮೆ ‘ಬರ್ರಿ’ ಅಂದಿದ್ದರೆ ಸಾಕಿತ್ತು. ರಜೆ ಬರೆದೇ ಬಂದಿದ್ದೆ. ಹೇಳಲಿಲ್ಲ, ಅವಳೇ ಕರೆಯಬೇಕಿತ್ತು.

ಸೂರತ್ ಬಂತು. ಇಳಿಯುವಾಗ ಅಜ್ಜಿ ನನಗೆ “ಆವಜೋ ಭಾಯ್,” ಅಂದರು. ಗುಜರಾತಿಯಲ್ಲಿ ಹೋಗುವವರಿಗೆ ಹಾಗೇ ಹೇಳುವುದು: ಬನ್ನಿ. ಹೆಂಡತಿ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಫೋನು. ಆ ತುದಿಯಲ್ಲಿ ಗೆಳತಿಯ ನಗು, ನನಗೇ ಕೇಳಿಸುವಷ್ಟು ದೊಡ್ಡದು. ಇವಳೂ ನಕ್ಕಳು, ಬೋಪಾಲ್ ಮನೆಯಲ್ಲಿ ನಾನು ಕೇಳಿರದ ಒಂದು ನಗು. ನಗುತ್ತಲೇ ನನ್ನ ಕಡೆ ತಿರುಗಿದಳು, ಅಥವಾ ಸರಂಜಾಮು ನೋಡಲು ತಿರುಗಿದಳು, ಆ ಮಾತು ಅಂದಳು. ರೈಲು ಕೂಗಿತು. ಕೊನೆಯ ಅಕ್ಷರ ಅದರಲ್ಲಿ ಹೋಯಿತು.

ಆ ಸಂಜೆ ಅಡಾಜಣ್‌ನಲ್ಲಿ, ಅಮ್ಮಾರ ಚಟ್ನಿಯ ಜೊತೆ ಅನ್ನ ಉಣ್ಣುತ್ತ, ರೀ ಇತ್ತು ಎಂದು ತೀರ್ಮಾನಿಸಿದೆ. ಅವಳ ತುಟಿ ಕೊನೆಗೆ ಅಗಲವಾಗಿತ್ತು. ರೀ ಅನ್ನುವಾಗ ಆಗುತ್ತದೆ. ಆದರೆ ನಗುವಾಗಲೂ ಆಗುತ್ತದೆ.

ತಿಂಗಳಾದ ಮೇಲೆ ಅವಳು ವಿಡಿಯೋ ಕರೆ ಮಾಡಿದಳು. ಹಿಂದೆ ಸರೋವರ, ದೋಣಿ, ಅವಳದೇ ಹೆಸರಿನ ಒಬ್ಬ ಹುಡುಗಿ ಅವಳ ಜಡೆ ಎಳೆಯುತ್ತಿದ್ದಳು. ಗೆಳತಿ ಪರದೆಯೊಳಗೆ ಮುಖ ತೂರಿ ನನ್ನನ್ನು ಕೇಳಿದಳು, “ಊಟ ಆತ್ರೀ?” ಸ್ಪಷ್ಟ ಹುಬ್ಬಳ್ಳಿ.

“ಇಕೀಗೆ ರೀ ಯಾರ ಕಲಿಸಿದ್ರು?” ಅಂದೆ.

“ನಾನಽ ಕಲಿಸೇನಿ. ನಾವ್ ಒಬ್ಬರಿಗೊಬ್ಬರು ರೀ ಹಚ್ಚೇ ಮಾತಾಡ್ತೀವಿ. ಚಾಷ್ಟಿಗೆ, ಮಜಾಕ್ಕ,” ಅಂದು ನಕ್ಕಳು.

ಹಾಗಾದರೆ ಆ ರೀ ಇದ್ದಿದ್ದರೂ ಅದು ನನ್ನದೇ ಎನ್ನುವಂತಿಲ್ಲ. ಇಷ್ಟು ದಿನ ನಾನು ನೆನಪಿನೊಂದಿಗೆ ಹಗ್ಗ ಜಗ್ಗಿದ್ದು ಸುಮ್ಮನೆ.

ಎರಡು ವರ್ಷ ಬರುವ ಕ್ರಿಸ್ಮಸ್‌ಗೆ ಮುಗಿಯುತ್ತದೆ. ಮುಂದುವರಿಸುತ್ತೀಯಾ ಎಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ. ಮೊನ್ನೆ ಫೋನಿಡುವಾಗ ‘ಬರ್ತೇನ್ರೀ’ ಅಂದಳು, ಈ ಸಲ ಸರಿಯಾಗಿ ಕೇಳಿಸಿತು. ಪಕ್ಕದಲ್ಲಿ ಯಾರೋ ಅವಳನ್ನು ಕರೆಯುತ್ತಿದ್ದರು. ಅದನ್ನು ಯಾರಿಗೆ ಅಂದಳೋ ನನಗೆ ಗೊತ್ತಿಲ್ಲ.