ಅತ್ತೆ ಒಂದು ಕಣ್ಣು ಮುಚ್ಚಿದರೆ

ಕಳೆದ ಭಾನುವಾರ ನಮ್ಮ ಅತ್ತೆ, ತುರುವೇಕೆರೆಯಿಂದ ಬಂದಿದ್ದ ಮದುವೆ ಗಂಡಿಗೆ ಕಣ್ಣು ಹೊಡೆದರು.

ಹಾಗಂತ ಬಂದವರು ಹೇಳಿಕೊಂಡು ತಿರುಗುತ್ತಿದ್ದಾರೆ. ಅತ್ತೆಗೆ ಅರವತ್ತೆರಡು ವರ್ಷ. ಹಣೆ ತುಂಬ ವಿಭೂತಿ. ಇಂಥವರು ಕಣ್ಣು ಹೊಡೆಯುತ್ತಾರೆಯೇ? ಮುಚ್ಚಿದ್ದು ನಿಜ, ಹೊಡೆದದ್ದು ಸುಳ್ಳು. ಆದರೂ ತಪ್ಪೆಲ್ಲ ನನ್ನದೇ. (ಈ ಅಂಕಣದಲ್ಲಿ ನಾನು ತಪ್ಪು ಒಪ್ಪಿಕೊಳ್ಳುವುದು ಅಪರೂಪ. ನೋಡಿಕೊಳ್ಳಿ.)

ಆರು ತಿಂಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಬಿಳಿಗೆರೆಯಿಂದ ಬಸ್ಸು ಹತ್ತಿ ತಿಪಟೂರಿಗೆ ಡ್ರಾಯಿಂಗ್ ಕಲಿಯಲು ಹೋಗುತ್ತಿದ್ದೇನೆ. ಪರೀಕ್ಷೆ ಪಾಸಾದರೆ ಡ್ರಾಯಿಂಗ್ ಟೀಚರ್ ಆಗಬಹುದು ಎಂಬ ಆಸೆ. ಕಲಿಸುವವರು ರಿಟೈರಾದ ಮೇಷ್ಟ್ರು. ಗೆರೆ, ಆಕಾರ, ನೆರಳು, ಬೆಳಕು, ಅಳತೆ ಎಲ್ಲ ಹೇಳಿಕೊಡುತ್ತಾರೆ. ಆದರೆ ಪ್ರತಿ ಸಲ ಒಂದೇ ಮಾತಿನಿಂದ ಶುರುಮಾಡುತ್ತಾರೆ: "ಕಣ್ಣಿಗೆ ಕಂಡಿದ್ದು ಬರೀರಮ್ಮ. ತಲೇಲಿ ಇರೋದನ್ನ ಬರೀಬೇಡಿ."

ಮೊದಲ ಹೋಂವರ್ಕು ಒಂದು ತೆಂಗಿನಕಾಯಿ, ಒಂದು ಹಿತ್ತಾಳೆ ಚೊಂಬು. ಎರಡನ್ನೂ ಪಡಸಾಲೆಯ ಬೆಂಚಿನ ಮೇಲೆ ಅಂದವಾಗಿ ಇಟ್ಟು ಪೆನ್ಸಿಲ್ ತರಲು ಒಳಗೆ ಹೋದೆ. ಬಂದು ನೋಡಿದರೆ ಚೊಂಬು ಇದೆ, ಕಾಯಿ ಇಲ್ಲ.

"ಅತ್ತೆ, ಇಲ್ಲಿದ್ದ ಕಾಯಿ?"

"ತುರಿದೆ."

"ಅಟ್ಟದ ತುಂಬ ಕಾಯಿ ಇದಾವಲ್ಲ!"

"ಅಟ್ಟ ಹತ್ತೋರ್ಯಾರು? ಇದು ಕೈಗೆ ಸಿಕ್ತು. ಒಳ್ಳೇ ಕಾಯಿ ಕಣೇ, ಚಟ್ನಿ ರುಚಿಯಾಗೈತೆ."

ಸರಿ, ಚೊಂಬನ್ನಾದರೂ ಬರೆಯೋಣ ಎಂದು ಕೂತೆ. ಕೂತ ಜಾಗದಿಂದ ಅದರ ಬಾಯಿ ದುಂಡಗೆ ಕಾಣಲಿಲ್ಲ, ಮೊಟ್ಟೆಯ ಹಾಗೆ ಚಪ್ಪಟೆ ಕಂಡಿತು. ಕಂಡ ಹಾಗೇ ಬರೆದೆ. ಅತ್ತೆ ಬಂದು ಇಣುಕಿದರು. ಮುಖ ಕೆಂಪಾಯಿತು.

"ಇದ್ಯಾಕೆ ಚೊಂಬಿನ ಬಾಯಿ ಹಿಂಗೆ ಅಮುಕಿದ್ದೀಯಾ? ನಮ್ಮಪ್ಪ ಕೊಟ್ಟ ಚೊಂಬು ಕಣೇ. ಇವತ್ತಿನವರ್ಗೂ ಒಂದು ತಗ್ಗು ಬಿದ್ದಿಲ್ಲ!"

"ದೂರದಿಂದ ಹಂಗೇ ಕಾಣುತ್ತೆ ಅತ್ತೆ."

"ಹೂಂ, ದೂರದಿಂದ ನಿಂಗೆ ನಮ್ ತವರುಮನೆ ಎಲ್ಲಾ ಸೊಟ್ಟಗೇ ಕಾಣುತ್ತೆ ಬುಡು."

ಎರಡು ದಿನ ಮಾತಿಲ್ಲ. ಮೂರನೆಯ ದಿನ ಅವರನ್ನು ಕೈಹಿಡಿದು ಚೊಂಬಿನ ಎದುರು ಕೂರಿಸಿದೆ. ಕೈಗೆ ಪೆನ್ಸಿಲ್ ಕೊಟ್ಟೆ. ತೋಳು ನೆಟ್ಟಗೆ ಚಾಚಿ, ಎಡಗಣ್ಣು ಮುಚ್ಚಿ, ಬಾಯಿ ಎಷ್ಟು ಅಗಲ, ಎಷ್ಟು ಉದ್ದ ಎಂದು ಪೆನ್ಸಿಲಿನ ಮೇಲೆ ಹೆಬ್ಬೆರಳಿಟ್ಟು ಅಳೆಯುವುದನ್ನು ತೋರಿಸಿದೆ. ಅತ್ತೆ ಅಳೆದರು. ಮತ್ತೆ ಅಳೆದರು.

"ಅಯ್ಯೋ ಶಿವನೇ, ಇಷ್ಟು ವರ್ಷ ಸುಳ್ಳು ನೋಡ್ಕಂಡು ಕುಂತಿದ್ನಲ್ಲೇ!"

ಆ ಪೆನ್ಸಿಲ್ ನನಗೆ ವಾಪಸ್ ಬರಲಿಲ್ಲ. ಹಸು ಅಳೆದರು, ಕಂಬ ಅಳೆದರು, ಜಗಲಿಯ ಮೇಲೆ ಮಲಗಿದ್ದ ಮಾವನನ್ನೂ ಅಳೆದರು. (ಮಾವ ಉದ್ದಕ್ಕಿಂತ ಅಗಲದಲ್ಲಿ ಚೆನ್ನಾಗಿ ಬಂದರು.) ಮನುಷ್ಯನ ಎತ್ತರ ಅವನ ತಲೆಯ ಏಳರಷ್ಟೋ ಏಳೂವರೆಯಷ್ಟೋ ಇರುತ್ತದೆ ಎಂದು ನಾನೇ ಬಾಯಿ ತಪ್ಪಿ ಹೇಳಿದ್ದೆ. ಅದನ್ನು ಅತ್ತೆ ವಚನದ ಹಾಗೆ ಬಾಯಿಪಾಠ ಮಾಡಿಕೊಂಡರು.

ಹೀಗಿರುವಾಗ ಭಾನುವಾರ ಬಂತು. ನಮ್ಮ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದರು. (ನಾದಿನಿಯನ್ನು ಶಾಂತ ಎನ್ನೋಣ. ನಿಜವಾದ ಹೆಸರು ಹಾಕಿದರೆ ನನಗೆ ಊಟ ಸಿಗುವುದಿಲ್ಲ.) ಹುಡುಗ ಗುಮಾಸ್ತ. ಜೊತೆಗೆ ಅವನ ಅಪ್ಪ ಮತ್ತು ಸೋದರಮಾವ. ಗಾಳಿ ಬರಲಿ ಎಂದು ಸೋದರಮಾವ ಕುರ್ಚಿಯನ್ನು ಬಾಗಿಲಿಗೇ ಎಳೆದುಕೊಂಡು ಕೂತರು. ಮಾತೆಲ್ಲ ಅವರದೇ.

"ಆ ಕಂಬದವರ್ಗೂ ಒಂದ್ಸಲ ನಡೀಲಿ."

ಶಾಂತ ನಡೆದಳು.

"ತಿರಿಕ್ಕಳ್ಳಿ. ಜಡೆ ನೋಡಾನ."

ತಿರುಗಿದಳು. ಬಿ.ಎ. ಪಾಸು ಮಾಡಿದ ಹುಡುಗಿ. ತಲೆ ಬಗ್ಗಿಸಿದ್ದವಳು ಎತ್ತಲೇ ಇಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಎಲ್ಲಾ ಸರಿ ಕಣ್ರೀ. ಬಣ್ಣ ಒಂಚೂರು ಕಮ್ಮಿ ಆಯ್ತು."

ಅಡುಗೆಮನೆ ಬಾಗಿಲಿನಿಂದ ಅತ್ತೆಯ ದನಿ ಬಂತು. "ಬೆಳಕಿಗೆ ಅಡ್ಡ ಕುಂತಿದ್ದೀರಲ್ಲಣ್ಣ. ಒಂಚೂರು ಆ ಕಡೆ ಜರುಗಿ, ಬಣ್ಣ ತಾನೇ ಬತ್ತದೆ."

ಪಾಪ, ಅವರು ಜರುಗಿಯೇಬಿಟ್ಟರು. ಪಡಸಾಲೆಗೆ ಬಿಸಿಲು ಬಂತು. ಬಣ್ಣದ ಮಾತು ಅಲ್ಲಿಗೆ ನಿಂತಿತು. ಅತ್ತೆ ನಿಲ್ಲಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದರು. ತೋಳು ಚಾಚಿದರು. ಹುಡುಗನ ಕಡೆ ತಿರುಗಿ ಎಡಗಣ್ಣು ಮುಚ್ಚಿದರು. ಸೋದರಮಾವನ ಕೈಲಿದ್ದ ಕಾಫಿ ಪಂಚೆಯ ಮೇಲೆ ಚೆಲ್ಲಿತು.

"ಐದೇ ಕಣೇ!" ಎಂದರು ಅತ್ತೆ ನನ್ನತ್ತ ತಿರುಗಿ.

"ಏನಮ್ಮ ಐದು?" ಹುಡುಗನ ಅಪ್ಪ ಕೇಳಿದರು.

"ತಲೆ ಕಣಪ್ಪ. ಮನುಷ್ಯ ಅಂದ್ಮೇಲೆ ಏಳು ತಲೆ ಉದ್ದ ಇರ್ಬೇಕು. ನಿಮ್ ಹುಡ್ಗಂಗೆ ಎರಡು ಕಮ್ಮಿ."

ಮಾವ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡರು. "ಅತ್ತೆ, ಅವರು ಕೂತಿದ್ದಾರೆ!" ಎಂದು ನಾನು ಪಿಸುಗುಟ್ಟಿದೆ. ಅದು ಹುಡುಗನಿಗೆ ಕೇಳಿಸಿತು. ಅವನು ಎದ್ದೇ ನಿಂತ.

"ಈಗ ನೋಡಿ ಅಮ್ಮ. ಕ್ರಾಪು ಬಿಟ್ಟು ಅಳೀರಿ," ಎಂದ. (ಹೌದು, ಕ್ರಾಪನ್ನು ಒಂದು ಗೇಣು ಉಬ್ಬಿಸಿಕೊಂಡಿದ್ದ. ತಲೆ ದೊಡ್ಡದಾದಷ್ಟೂ ಲೆಕ್ಕ ಕಮ್ಮಿಯಾಗುತ್ತದೆ ಎಂದು ನಿಂತಲ್ಲೇ ಹೊಳೆದಿತ್ತು ಅವನಿಗೆ. ಬುದ್ಧಿವಂತ.)

ಅತ್ತೆ ಪೆನ್ಸಿಲನ್ನು ಶಾಂತಳ ಕೈಗೆ ಕೊಟ್ಟರು. "ತಗಾ, ನೀನೇ ನೋಡು. ಕಟ್ಕಳ್ಳೋಳು ನೀನು."

ಶಾಂತ ತಲೆ ಎತ್ತಿದಳು. ಒಂದು ಕಣ್ಣು ಮುಚ್ಚಿದಳು. ಹಣೆಯಿಂದ ಗದ್ದ, ಗದ್ದದಿಂದ ಎದೆ, ನಿಧಾನವಾಗಿ ಪಾದದವರೆಗೆ ಇಳಿದಳು. ಹತ್ತು ಸೆಕೆಂಡಿನ ಕೆಲಸಕ್ಕೆ ಎರಡು ನಿಮಿಷ ತೆಗೆದುಕೊಂಡಳು. ಅದೇ ಪಡಸಾಲೆಯ ಸೊಸೆ ನಾನು. ಮದುವೆಗೆ ಮುಂಚೆ ಗಂಡನ ಕಾಲಿನ ಹೆಬ್ಬೆರಳು ಮಾತ್ರ ನೋಡಿ ಒಪ್ಪಿದವಳು. (ಹೆಬ್ಬೆರಳು ಈಗಲೂ ಚೆನ್ನಾಗಿದೆ.)

"ಏಳಕ್ಕೆ ಸ್ವಲ್ಪ ಕಮ್ಮಿ," ಎಂದಳು. "ಇನ್ನೊಂದ್ಸಲ ನೋಡ್ತೀನಿ. ಅಲ್ಲಾಡಬೇಡಿ."

ಹುಡುಗ ಅಲ್ಲಾಡಲಿಲ್ಲ. ಹಣೆಯಲ್ಲಿ ಬೆವರು. ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ನೋಡಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಗಂಡಸೊಬ್ಬನ ಮುಖದ ಮೇಲೆ ಬರೆದದ್ದನ್ನು ನಾನು ಓದಿದ್ದು ಅದೇ ಮೊದಲು.

ಸೋದರಮಾವ ಒದ್ದೆ ಪಂಚೆ ಕೊಡವಿಕೊಂಡು ಎದ್ದರು. "ಮರ್ಯಾದಸ್ತರ ಮನೆ ಅಂತ ಬಂದ್ರೆ ಇಲ್ಲಿ ಕಣ್ ಹೊಡೀತಾರೆ. ನಡೀರಿ!"

ಹುಡುಗ ಹೊಸ್ತಿಲಲ್ಲಿ ಹಿಂತಿರುಗಿದ. "ಕೊನೇಗೆ ಎಷ್ಟಾಯ್ತು?"

"ಇನ್ನೂ ಮುಗೀಲಿಲ್ಲ," ಎಂದಳು ಶಾಂತ. ನಗಲಿಲ್ಲ. ಆದರೆ ಒಳಗೆ ಬಂದು ಅವಳು ಆ ಪೆನ್ಸಿಲನ್ನು ಅತ್ತೆಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ.

ಬುಧವಾರ ಮದುವೆ ದಲ್ಲಾಳಿ ಓಡೋಡಿ ಬಂದರು. "ಸೋದರಮಾವ ಕುಣಿದಾಡ್ತಾವ್ರೆ. ಆದ್ರೆ ಹುಡ್ಗ ಒಪ್ಪವ್ನೆ ಕಣ್ರೀ! ಇನ್ನೇನು, ಸಕ್ಕರೆ ಹಂಚಿ."

ಅತ್ತೆ ಸಕ್ಕರೆ ಡಬ್ಬಕ್ಕೆ ಕೈ ಹಾಕಲಿಲ್ಲ. ಒಳಗೆ ತಿರುಗಿ ಕೂಗಿದರು. "ಶಾಂತಾ, ನೀನೇನಂತೀಯೇ?"

ಈ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿದ್ದಿಲ್ಲ. ಒಳಗಿಂದ ಉತ್ತರ ಬಂತು. "ಇನ್ನೊಂದ್ಸಲ ಬರಕ್ಕೆ ಹೇಳಮ್ಮ. ಸೋದರಮಾವ ಬ್ಯಾಡ. ಮಾತಾಡಿ ನೋಡ್ಬೇಕು."

ದಲ್ಲಾಳಿ ತಲೆ ಮೇಲೆ ಕೈ ಹೊತ್ತು ಕೂತರು. "ಹೆಣ್ಣು ನೋಡೋ ಶಾಸ್ತ್ರ ಎಷ್ಟು ಸಲ ಕಣಮ್ಮ ಮಾಡದು?"

ಅಲ್ಲ, ನನಗೆ ಗೊತ್ತಿಲ್ಲದೆ ಕೇಳುತ್ತೇನೆ: "ಹೆಣ್ಣು ನೋಡುವ ಶಾಸ್ತ್ರ" ಎಂದ ಮೇಲೆ, ನೋಡಬೇಕಾದವಳು ಹೆಣ್ಣೇ ಅಲ್ಲವೇ?